ಮೊದಲು ಮೆಡಿಕಲ್‌ಗೆ ಹೋಗಿ ಬನ್ನಿ, ಉಳಿದದ್ದು ಆಮೇಲೆ ಓದಿ

ನಿಮ್ಮ ಪ್ರಶ್ನೆ ಓದಿದೆ. ಭಾನುವಾರ ರಾತ್ರಿ ಕಾಂಡೋಮ್ ಇಲ್ಲದೆ ಸೇರಿದ್ದೀರಿ. ಮುಟ್ಟು ಶುರುವಾಗಿ ಅವತ್ತಿಗೆ 11ನೇ ದಿನ. "ಹೊರಗೇ ಬಿಟ್ಟೆ, ಏನೂ ಆಗಲ್ಲ" ಅಂತ ನಿಮ್ಮ ಜೊತೆಗಾರ ಹೇಳಿದ್ದಾರೆ. ರೂಮ್‌ಮೇಟ್ ಪರಂಗಿ ಹಣ್ಣು ತಿನ್ನು ಅಂದಿದ್ದಾಳೆ. ಮಾತ್ರೆ ತಗೊಂಡರೆ ಮುಂದೆ ಮಕ್ಕಳೇ ಆಗಲ್ಲ ಅಂತ ಯಾರೋ ಹೇಳಿದ್ದು ಕೇಳಿ ಹೆದರಿದ್ದೀರಿ. ಇವತ್ತು ಮಂಗಳವಾರ ಬೆಳಿಗ್ಗೆ. ಲೆಕ್ಕ ಹಾಕಿದರೆ ಸುಮಾರು 34 ಗಂಟೆ ಆಗಿದೆ.

ಗರ್ಭ ನಿಲ್ಲದಂತೆ ತಡೆಯುವ ತುರ್ತು ಮಾತ್ರೆಯನ್ನು 72 ಗಂಟೆಯೊಳಗೆ ತಗೊಳ್ಳಬೇಕು, ಇನ್ನೂ ಸಮಯ ಇದೆ. ಈಗಲೇ ಹತ್ತಿರದ ಮೆಡಿಕಲ್‌ಗೆ ಹೋಗಿ "ಐ-ಪಿಲ್ ಅಥವಾ ಅನ್‌ವಾಂಟೆಡ್-72 ಕೊಡಿ" ಅಂತ ಕೇಳಿ. ಎರಡರಲ್ಲೂ ಇರುವುದು ಒಂದೇ ಔಷಧ, ಲೆವೊನಾರ್ಜೆಸ್ಟ್ರೆಲ್ 1.5 ಮಿಲಿಗ್ರಾಂ. ಒಂದೇ ಮಾತ್ರೆ, ಒಂದೇ ಸಲ. ಡಾಕ್ಟರ್ ಚೀಟಿ ಬೇಡ. ಮದುವೆ ಆಗಿದೆಯಾ ಅಂತ ಕೇಳುವ ಹಕ್ಕು ಅಂಗಡಿಯವರಿಗಿಲ್ಲ, ಕೇಳಿದರೆ ಉತ್ತರ ಕೊಡಬೇಕಾಗಿಯೂ ಇಲ್ಲ. ಸ್ವಲ್ಪ ಏನಾದರೂ ತಿಂದು ನುಂಗಿ. ಎರಡು ಗಂಟೆಯೊಳಗೆ ವಾಂತಿ ಆದರೆ ಇನ್ನೊಂದು ಮಾತ್ರೆ ತಗೊಳ್ಳಬೇಕು. ಫಿಟ್ಸ್‌ಗೆ ಅಥವಾ ಟಿಬಿಗೆ ಮಾತ್ರೆ ತಗೊಳ್ಳುತ್ತಿದ್ದರೆ ಅಲ್ಲೇ ಹೇಳಿ. ಅವುಗಳಲ್ಲಿ ಕೆಲವು ಈ ಮಾತ್ರೆಯ ಬಲ ಕಡಿಮೆ ಮಾಡುತ್ತವೆ.

ನಾನು ಡಾಕ್ಟರ್ ಅಲ್ಲ, ಫಾರ್ಮಸಿಸ್ಟ್. ಹಾಸನದಲ್ಲಿ ಹದಿನಾರು ವರ್ಷದಿಂದ ಕೌಂಟರ್ ಹಿಂದೆ ನಿಂತಿದ್ದೇನೆ. ಈ ಮಾತ್ರೆ ಕೇಳಲು ಬರುವವರ ಮುಖ ನನಗೆ ದೂರದಿಂದಲೇ ಗೊತ್ತಾಗುತ್ತದೆ. ಅಂಗಡಿ ಖಾಲಿ ಆಗುವವರೆಗೂ ಆಚೆ ನಿಂತಿರುತ್ತಾರೆ.

ಒಂದು ಹುಡುಗಿ ನೆನಪಾಗುತ್ತಾಳೆ. ಒಂದು ಸಂಜೆ ಬಂದು ವಿಕ್ಸ್ ತಗೊಂಡು ಹೋದಳು. ಮಾರನೇ ದಿನ ಬಂದು ಪ್ಯಾಡ್ ತಗೊಂಡಳು. ಎರಡು ಸಲವೂ ಏನೋ ಹೇಳಲು ಬಾಯಿ ತೆರೆದಳು. ಪಕ್ಕದಲ್ಲಿ ಯಾರೋ ಬಿಪಿ ಮಾತ್ರೆಗೆ ನಿಂತಿದ್ದರು, ಸುಮ್ಮನಾದಳು. ನಾನೂ ಕೇಳಲಿಲ್ಲ. ಆಗ ನಾನು ಕೆಲಸಕ್ಕೆ ಹೊಸಬಳು. ಮೂರನೇ ಸಲ ಬಂದಾಗ ಒಂದು ಕಾಗದದ ಮೇಲೆ ಬರೆದು ನನ್ನ ಕಡೆ ತಳ್ಳಿದಳು. ಎಷ್ಟು ಹೊತ್ತಾಯಿತು ಅಂತ ಕೇಳಿದೆ. ನಾಲ್ಕನೇ ದಿನ. ಮಾತ್ರೆಗೆ ಹೇಳಿದ 72 ಗಂಟೆ ದಾಟಿಹೋಗಿತ್ತು. ವಂಕಿ, ಅಂದರೆ ಗರ್ಭಕೋಶದೊಳಗೆ ಇಡುವ ಕಾಪರ್-ಟಿ, ಹಾಕಿಸಿಕೊಳ್ಳಲು ಇನ್ನೂ ಅವಕಾಶ ಇದೆ, ಆಸ್ಪತ್ರೆಗೆ ಹೋಗು ಅಂತ ಹೇಳಿ ಕಳಿಸಿದೆ. ಮತ್ತೆ ಅವಳು ಬರಲಿಲ್ಲ. ಅವತ್ತಿನಿಂದ ಆ ಮಾತ್ರೆಯ ಡಬ್ಬಿಯನ್ನು ಬೆರಳು ತೋರಿಸಿ ಕೇಳುವಂತೆ ಗಾಜಿನ ಕೆಳಗೇ ಇಟ್ಟಿದ್ದೇನೆ. ನಿಮಗೂ ಬಾಯಿ ಬರದಿದ್ದರೆ ಫೋನಿನಲ್ಲಿ ಹೆಸರು ಬರೆದು ತೋರಿಸಿ. ಸಾಕು.

ಈಗ ನಿಮ್ಮ ಅನುಮಾನಗಳಿಗೆ ಬರುತ್ತೇನೆ. 11ನೇ ದಿನ ಅಂದರೆ ಅಪಾಯ ಇದೆಯಾ? ಇದೆ. ಅಂಡಾಣು ಹೊರಗೆ ಬರುವುದು ಸಾಮಾನ್ಯವಾಗಿ ಮುಂದಿನ ಮುಟ್ಟಿಗೆ 14 ದಿನ ಮೊದಲು. 28 ದಿನಕ್ಕೆ ಮುಟ್ಟಾಗುವವರಿಗೆ ಅದು 14ನೇ ದಿನದ ಆಸುಪಾಸು. ಅಂಡಾಣು ಬದುಕುವುದು ಹೆಚ್ಚೆಂದರೆ ಒಂದು ದಿನ. ಆದರೆ ವೀರ್ಯಾಣು ಮೈಯೊಳಗೆ 5 ದಿನದವರೆಗೂ ಬದುಕಿರಬಹುದು. ಭಾನುವಾರದ್ದು ಶುಕ್ರವಾರದವರೆಗೂ ಕಾಯಬಲ್ಲದು ಅಂದ ಹಾಗಾಯಿತು. ಅದಕ್ಕೇ ಕ್ಯಾಲೆಂಡರ್ ನೋಡಿ "ಇವತ್ತು ಸೇಫ್" ಅನ್ನುವ ಲೆಕ್ಕವನ್ನು ನಾನು ನಂಬುವುದಿಲ್ಲ. ಪರೀಕ್ಷೆ, ಜ್ವರ, ಊರಿನ ಪ್ರಯಾಣ, ಯಾವುದರಿಂದಲೂ ಆ ದಿನ ಹಿಂದೆ ಮುಂದೆ ಆಗುತ್ತದೆ. ಹೊರಗೆ ಬಿಟ್ಟರೂ ಅಷ್ಟೇ. ಮೊದಲು ಬರುವ ದ್ರವದಲ್ಲೂ ವೀರ್ಯಾಣು ಇರಬಹುದು. ಅವರು ಸುಳ್ಳು ಹೇಳಿದರು ಅಂತ ನಾನು ಹೇಳುತ್ತಿಲ್ಲ. ಅವರಿಗೆ ಗೊತ್ತಿಲ್ಲ ಅಷ್ಟೇ.

ಪರಂಗಿ, ಎಳ್ಳು, ಬೆಲ್ಲ, ಅನಾನಸ್, ಬಿಸಿನೀರಿನ ಸ್ನಾನ, ಇವ್ಯಾವುದೂ ಗರ್ಭ ತಡೆಯುವುದಿಲ್ಲ. ದಯವಿಟ್ಟು ಇದನ್ನು ನೆಚ್ಚಿಕೊಂಡು ಒಂದು ದಿನವನ್ನೂ ಕಳೆಯಬೇಡಿ.

ಮಾತ್ರೆ ಏನು ಮಾಡುತ್ತದೆ ಅಂತ ತಿಳಿದರೆ ಹೆದರಿಕೆ ಅರ್ಧ ಹೋಗುತ್ತದೆ. ಅದು ಅಂಡಾಣು ಹೊರಬರುವುದನ್ನು ತಡೆಯುತ್ತದೆ ಅಥವಾ ಮುಂದಕ್ಕೆ ಹಾಕುತ್ತದೆ. ಆಗಲೇ ನಿಂತ ಗರ್ಭವನ್ನು ಅದು ತೆಗೆಯುವುದಿಲ್ಲ, ಅದಕ್ಕೆ ಕೆಡುಕೂ ಮಾಡುವುದಿಲ್ಲ. ಮುಂದೆ ಮಕ್ಕಳಾಗುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಹೊಟ್ಟೆ ತೊಳಸುವುದು, ತಲೆನೋವು, ಸುಸ್ತು ಆಗಬಹುದು. ಎರಡು ಮೂರು ದಿನ ಸ್ವಲ್ಪ ರಕ್ತದ ಕಲೆ ಕಾಣಬಹುದು. ಮುಟ್ಟು ಕೆಲವು ದಿನ ಬೇಗ ಅಥವಾ ತಡ ಬರಬಹುದು. ಇಷ್ಟೇ.

ಅಂಡಾಣು ಮುಂದಕ್ಕೆ ಹೋದದ್ದು ಆಮೇಲೆ ಬರುತ್ತದೆ, ಅಲ್ವಾ? ಇದನ್ನು ಜಾಸ್ತಿ ಜನ ಮರೆಯುತ್ತಾರೆ. ಈ ಮಾತ್ರೆ ಭಾನುವಾರಕ್ಕೆ ಮಾತ್ರ. ಮುಂದಿನ ಶನಿವಾರಕ್ಕೆ ಅದರ ಕಾವಲು ಇಲ್ಲ. ಮುಂದಿನ ಮುಟ್ಟಿನವರೆಗೂ ಕಾಂಡೋಮ್ ಬೇಕೇ ಬೇಕು.

ಮಾತ್ರೆ ನೂರಕ್ಕೆ ನೂರು ಅಲ್ಲ. ತಗೊಂಡ ನೂರು ಜನರಲ್ಲಿ ಒಬ್ಬರಿಗೋ ಇಬ್ಬರಿಗೋ ಗರ್ಭ ನಿಲ್ಲುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ತಡ ಆದಷ್ಟೂ ಗುಣ ಕಡಿಮೆ. ಮೈತೂಕ ಜಾಸ್ತಿ ಇದ್ದವರಿಗೂ ಸ್ವಲ್ಪ ಕಡಿಮೆ. ಎಲ್ಲಕ್ಕಿಂತ ಗಟ್ಟಿಯಾದದ್ದು ಕಾಪರ್-ಟಿ, ನಮ್ಮ ಕಡೆ ವಂಕಿ ಅನ್ನುತ್ತಾರೆ. 5 ದಿನದೊಳಗೆ ಹಾಕಿಸಿಕೊಂಡರೆ ನೂರಕ್ಕೆ 99ಕ್ಕಿಂತ ಜಾಸ್ತಿ ಕೆಲಸ ಮಾಡುತ್ತದೆ. ಆಮೇಲೂ ವರ್ಷಗಟ್ಟಲೆ ಗರ್ಭ ತಡೆಯುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲ. ನೀವು ಅಂಡಾಣು ಬರುವ ದಿನದ ತೀರಾ ಹತ್ತಿರ ಇರುವುದರಿಂದ ಇವತ್ತೇ ಡಾಕ್ಟರ್ ಹತ್ತಿರ ಇದನ್ನೂ ಕೇಳುವುದು ಒಳ್ಳೆಯದು ಅಂತ ನನ್ನ ಅನಿಸಿಕೆ. ಆದರೆ ಅದಕ್ಕಾಗಿ ಮಾತ್ರೆಯನ್ನು ಕಾಯಿಸಬೇಡಿ.

ಒಂದು ವಿಷಯ ಕೈಮುಗಿದು ಹೇಳುತ್ತೇನೆ. ಮೆಡಿಕಲ್‌ನಲ್ಲಿ ಬಾಯಿ ತಪ್ಪಿಯೂ "ಅಬಾರ್ಷನ್ ಮಾತ್ರೆ" ಕೇಳಬೇಡಿ. ಎಂಟಿಪಿ ಕಿಟ್ ಬೇರೆಯೇ ಔಷಧ. ಅದು ನಿಂತ ಗರ್ಭ ತೆಗೆಯಲು, ಡಾಕ್ಟರ್ ನೋಡಿಯೇ ಕೊಡಬೇಕು. ಚೀಟಿ ಇಲ್ಲದೆ ಕೊಡುವವರೂ ಇದ್ದಾರೆ ಅನ್ನುವುದು ನನಗೆ ನೋವಿನ ವಿಷಯ. ಅದನ್ನು ಸುಮ್ನೆ ನುಂಗಿ ರಕ್ತ ನಿಲ್ಲದೆ ಆಸ್ಪತ್ರೆ ಸೇರಿದವರ ಮನೆಯವರು ಆಮೇಲೆ ನಮ್ಮ ಅಂಗಡಿಗೇ ಕಬ್ಬಿಣದ ಮಾತ್ರೆಗೆ ಬಂದಿದ್ದಾರೆ.

ನಿಮ್ಮ ಜೊತೆಗಾರರ ಆರೋಗ್ಯದ ಬಗ್ಗೆ ನಿಮಗೆ ಗೊತ್ತಿಲ್ಲದಿದ್ದರೆ ಎಚ್‌ಐವಿ ವಿಷಯವನ್ನೂ ಇವತ್ತೇ ಕೇಳಿ. ಅದನ್ನು ತಡೆಯುವ ಮಾತ್ರೆಯನ್ನೂ 72 ಗಂಟೆಯೊಳಗೇ ಶುರು ಮಾಡಬೇಕು, 28 ದಿನ ತಗೊಳ್ಳಬೇಕು. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಐ-ಪಿಲ್ ಯಾವ ಸೋಂಕನ್ನೂ ತಡೆಯುವುದಿಲ್ಲ. ನಿಮ್ಮ ಇಷ್ಟವಿಲ್ಲದೆ ಆದದ್ದಾಗಿದ್ದರೆ, ನೀವು ಹಾಗೆ ಬರೆದಿಲ್ಲ, ಆದರೂ ಹೇಳುತ್ತೇನೆ, ಯಾವ ಆಸ್ಪತ್ರೆಯಾದರೂ ಮೊದಲ ಚಿಕಿತ್ಸೆಯನ್ನು ದುಡ್ಡಿಲ್ಲದೆ ಕೊಡಲೇಬೇಕು. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ.

ಇನ್ನು ಕಾಯುವ ದಿನಗಳು. ನಾಳೆಯೇ ಪ್ರೆಗ್ನೆನ್ಸಿ ಕಿಟ್ ತಂದು ನೋಡಿದರೆ ಏನೂ ತಿಳಿಯುವುದಿಲ್ಲ. ಆ ಭಾನುವಾರದಿಂದ 21 ದಿನ ಎಣಿಸಿ. ಅವತ್ತು ಬೆಳಿಗ್ಗೆ ಎದ್ದ ಕೂಡಲೇ ಬರುವ ಮೂತ್ರದಲ್ಲಿ ನೋಡಿ. ಮಧ್ಯದಲ್ಲಿ ಸರಿಯಾಗಿ ಮುಟ್ಟಾದರೆ ನಿರಾಳ. ಬರೀ ಕಲೆ ಕಂಡರೆ ಅದನ್ನು ಮುಟ್ಟು ಅಂತ ಎಣಿಸಬೇಡಿ, ಟೆಸ್ಟ್ ಮಾಡಿ. ಮುಟ್ಟು ತಡವಾಗಿ ಹೊಟ್ಟೆಯ ಒಂದೇ ಪಕ್ಕ ಜೋರಾಗಿ ನೋವು ಬಂದರೆ ಅಥವಾ ತಲೆ ತಿರುಗಿ ಬಿದ್ದರೆ ಟೆಸ್ಟ್‌ಗೂ ಕಾಯದೆ ಆಸ್ಪತ್ರೆಗೆ ಓಡಿ.

ಒಂದು ವೇಳೆ ಎರಡು ಗೆರೆ ಬಂದರೆ ಆಗಲೂ ದಾರಿ ಇದೆ. 1971ರ ಗರ್ಭಪಾತ ಕಾಯ್ದೆಗೆ 2021ರಲ್ಲಿ ತಿದ್ದುಪಡಿ ಆಗಿದೆ. ಗರ್ಭನಿರೋಧಕ ಕೈಕೊಟ್ಟು ಬಸಿರಾದರೆ ಮದುವೆ ಆಗದವರೂ 20 ವಾರದೊಳಗೆ ಒಬ್ಬ ಡಾಕ್ಟರ್ ಒಪ್ಪಿಗೆಯಿಂದ ತೆಗೆಸಬಹುದು. 18 ತುಂಬಿದ್ದರೆ ನಿಮ್ಮದೊಂದೇ ಸಹಿ ಸಾಕು. ಅಪ್ಪ ಅಮ್ಮನದ್ದೂ ಬೇಡ, ಜೊತೆಗಾರರದ್ದೂ ಬೇಡ. ನಿಮ್ಮ ಹೆಸರು ಗುಟ್ಟಾಗಿ ಇಡಬೇಕು ಅಂತ ಅದೇ ಕಾಯ್ದೆಯಲ್ಲಿದೆ.

ಮೆಡಿಕಲ್‌ಗೆ ಹೋಗಿ ಬಂದಿರಾ? ಇಲ್ಲದಿದ್ದರೆ ಚಪ್ಪಲಿ ಹಾಕಿಕೊಳ್ಳಿ. ಒಬ್ಬರೇ ಹೋಗಲು ಹೆದರಿಕೆ ಆದರೆ ಆ ರೂಮ್‌ಮೇಟ್‌ನೇ ಜೊತೆಗೆ ಕರೆದುಕೊಂಡು ಹೋಗಿ.