ಗೂಗಲ್ ಬೇರೆ, ಬ್ರೌಸರ್ ಬೇರೆಯೇ?

ಪ್ರಶ್ನೆ: ಮಾನ್ಯರೇ, ನಾನು ನಿವೃತ್ತ ಶಿಕ್ಷಕ. ಹಾನುಬಾಳು ಹೋಬಳಿಯಲ್ಲಿ ಸಣ್ಣ ಕಾಫಿ ತೋಟವಿದೆ. ಪಹಣಿ ನೋಡಲು ಇದುವರೆಗೆ ಸಕಲೇಶಪುರದ ಸೈಬರ್ ಸೆಂಟರ್‌ಗೆ ಹೋಗುತ್ತಿದ್ದೆ. ಈಗ ಮಗಳು ಲ್ಯಾಪ್‌ಟಾಪ್ ಕೊಡಿಸಿದ್ದಾಳೆ. ‘ಪಹಣಿ’ ಎಂದು ಬರೆದು ಹುಡುಕಿದಾಗ ಹತ್ತಾರು ತಾಣಗಳು ಬಂದವು. ಮೊದಲನೆಯದನ್ನು ತೆರೆದು ಮೊಬೈಲ್ ಸಂಖ್ಯೆ ತುಂಬಿದೆ. ಮುಂದೆ ಆಧಾರ್ ಸಂಖ್ಯೆಯನ್ನೂ ಶುಲ್ಕವನ್ನೂ ಕೇಳಿದ್ದರಿಂದ ಮುಚ್ಚಿಬಿಟ್ಟೆ. ಗೂಗಲ್ ಮತ್ತು ಬ್ರೌಸರ್ ಒಂದೆಯೇ? ಸರಿಯಾದ ತಾಣವನ್ನು ಗುರುತಿಸುವುದು ಹೇಗೆ?
— ಓದುಗರು, ಸಕಲೇಶಪುರ ತಾಲ್ಲೂಕು

ಉತ್ತರ: ನೀವು ಅಲ್ಲಿಗೇ ನಿಲ್ಲಿಸಿದ್ದು ಸರಿಯಾಯಿತು. ಕ್ರೋಮ್, ಫೈರ್‌ಫಾಕ್ಸ್, ಎಡ್ಜ್ ಇವು ಬ್ರೌಸರ್‌ಗಳು, ಅಂದರೆ ಜಾಲತಾಣಗಳನ್ನು ತೆರೆದು ತೋರಿಸುವ ತಂತ್ರಾಂಶಗಳು. ಗೂಗಲ್ ಹುಡುಕಾಟವು ಆ ಬ್ರೌಸರ್‌ನೊಳಗೆ ತೆರೆಯುವ ಅನೇಕ ತಾಣಗಳಲ್ಲಿ ಒಂದು ಮಾತ್ರ. ಕ್ರೋಮ್ ಅನ್ನು ರೂಪಿಸಿದ್ದೂ ಗೂಗಲ್ ಸಂಸ್ಥೆಯೇ ಆದ್ದರಿಂದ ಈ ಗೊಂದಲ ಸಹಜವಾಗಿದೆ.

ಬ್ರೌಸರ್‌ನ ಮೇಲ್ಭಾಗದಲ್ಲಿರುವ ಉದ್ದನೆಯ ಪಟ್ಟಿಯೇ ಅಡ್ರೆಸ್ ಬಾರ್. ಬ್ರೌಸರ್ ಕಲಿಯುವವರು ಎಲ್ಲಕ್ಕಿಂತ ಮೊದಲು ಇದನ್ನು ಓದಲು ಕಲಿಯಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಅಲ್ಲಿ ಪದಗಳನ್ನು ಬರೆದರೆ ಹುಡುಕಾಟದ ಫಲಿತಾಂಶಗಳು ಬರುತ್ತವೆ. ಪೂರ್ಣ ವಿಳಾಸವನ್ನೇ ಬರೆದರೆ ನೇರವಾಗಿ ಆ ತಾಣ ತೆರೆಯುತ್ತದೆ. ಫಲಿತಾಂಶಗಳಲ್ಲಿ ಮೇಲಿರುವುದೇ ಅಧಿಕೃತವೆಂದು ಭಾವಿಸಬಾರದು, ಏಕೆಂದರೆ ಹಣ ಪಡೆದು ತೋರಿಸುವ ಜಾಹೀರಾತುಗಳೂ ಅಲ್ಲಿ ಇರುತ್ತವೆ.

ಕರ್ನಾಟಕದ ಪಹಣಿ ಇರುವುದು ಕಂದಾಯ ಇಲಾಖೆಯ ‘ಭೂಮಿ’ ತಾಣದಲ್ಲಿ. ಅದರ ವಿಳಾಸ ಲ್ಯಾಂಡ್‌ರೆಕಾರ್ಡ್ಸ್ ಡಾಟ್ ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್. ಇದನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ‘ಡಾಟ್’ ಎಂದಿರುವಲ್ಲಿ ಚುಕ್ಕಿ ಇಟ್ಟು, ನಡುವೆ ಜಾಗ ಬಿಡದೆ ಬರೆಯಬೇಕು. ತಾಣ ತೆರೆದ ಮೇಲೆ ವಿಳಾಸದಲ್ಲಿ ಮೊದಲ ಒಂಟಿ ಓರೆಗೆರೆ (/) ಎಲ್ಲಿದೆ ಎಂದು ನೋಡಿ; ಅದು ಕಾಣದಿದ್ದರೆ ವಿಳಾಸದ ಕೊನೆಯನ್ನೇ ನೋಡಿ. ಅದರ ಎಡಕ್ಕೆ ಹೊಂದಿಕೊಂಡಂತೆ, ಮೊದಲಿನ ಚುಕ್ಕಿಯೂ ಸೇರಿ, ‘ಡಾಟ್ ಜಿಒವಿ ಡಾಟ್ ಇನ್’ ಇದ್ದರೆ ಅದು ಸರ್ಕಾರಿ ತಾಣ, ಏಕೆಂದರೆ ಆ ಕೊನೆಯ ಭಾಗವನ್ನು ಖಾಸಗಿಯವರಿಗೆ ಕೊಡುವುದಿಲ್ಲ. ‘ಭೂಮಿ’, ‘ಕರ್ನಾಟಕ’ ಎಂಬ ಹೆಸರುಗಳನ್ನು ಯಾರು ಬೇಕಾದರೂ ತಮ್ಮ ವಿಳಾಸದಲ್ಲಿ ಸೇರಿಸಿಕೊಳ್ಳಬಹುದು; ಕೊನೆಯಲ್ಲಿ ‘ಡಾಟ್ ಕಾಮ್’ ಎಂದಿದ್ದರೆ ಅದು ಇಲಾಖೆಯ ತಾಣವಲ್ಲ. ಕೆಲವು ಬ್ರೌಸರ್‌ಗಳಲ್ಲಿ ವಿಳಾಸದ ಪಕ್ಕ ಕಾಣುವ ಬೀಗದ ಚಿಹ್ನೆಯನ್ನು ನೋಡಿಯೂ ನಂಬಬೇಡಿ. ನೀವು ಬರೆದದ್ದು ದಾರಿಯಲ್ಲಿ ಬೇರೆಯವರ ಕಣ್ಣಿಗೆ ಬೀಳುವುದಿಲ್ಲವೆಂದಷ್ಟೇ ಅದರ ಅರ್ಥ; ಎದುರಿನವರು ಪ್ರಾಮಾಣಿಕರೆಂದಲ್ಲ.

ಅಲ್ಲಿ ಜಿಲ್ಲೆ ಹಾಸನ, ತಾಲ್ಲೂಕು ಸಕಲೇಶಪುರ, ಹೋಬಳಿ ಹಾನುಬಾಳು ಎಂದು ಆರಿಸಿ, ಗ್ರಾಮವನ್ನೂ ಸರ್ವೆ ನಂಬರನ್ನೂ ಕೊಟ್ಟರೆ ವಿವರಗಳು ಕಾಣುತ್ತವೆ. ಬರಿದೇ ನೋಡುವುದಕ್ಕೆ ಶುಲ್ಕವಿಲ್ಲ. ಕೆಲವು ತಾಣಗಳು ದಾಖಲೆಯನ್ನು ಹೊಸ ಕಿಟಕಿಯಲ್ಲಿ ತೆರೆಯುತ್ತವೆ. ಬ್ರೌಸರ್ ಅದನ್ನು ಪಾಪ್‌ಅಪ್ ಎಂದು ತಡೆದರೆ ಗುಂಡಿ ಒತ್ತಿದರೂ ಏನೂ ಆಗದಂತೆ ತೋರುತ್ತದೆ; ಆಗ ಕ್ರೋಮ್, ಎಡ್ಜ್‌ಗಳಲ್ಲಿ ಅಡ್ರೆಸ್ ಬಾರ್‌ನ ಬಲತುದಿಯಲ್ಲಿ ಮೂಡುವ ಸಣ್ಣ ಚಿಹ್ನೆಯನ್ನು ಒತ್ತಿ ಆ ತಾಣಕ್ಕೆ ಮಾತ್ರ ಅನುಮತಿ ಕೊಡಿ. ಅಕ್ಷರ ಚಿಕ್ಕದೆನಿಸಿದರೆ ಕಂಟ್ರೋಲ್ ಕೀಲಿಯೊಡನೆ ಪ್ಲಸ್ ಒತ್ತಿ. ಸರಿಯಾದ ತಾಣ ಒಮ್ಮೆ ಸಿಕ್ಕಿತೆಂದರೆ ಕಂಟ್ರೋಲ್ ಮತ್ತು ಡಿ ಒತ್ತಿ ಬುಕ್‌ಮಾರ್ಕ್ ಮಾಡಿಡಿ. ಮುಂದಿನ ಸಲ ಹುಡುಕುವ ಪ್ರಮೇಯವೇ ಬರುವುದಿಲ್ಲ.

ಮತ್ತೆಂದಾದರೂ ಸೈಬರ್ ಸೆಂಟರ್‌ನಲ್ಲಿ ಕೆಲಸ ಮಾಡಬೇಕಾಗಿ ಬಂದರೆ ಇನ್‌ಕಾಗ್ನಿಟೋ ಕಿಟಕಿಯನ್ನು, ಅಂದರೆ ನೀವು ನೋಡಿದ ತಾಣಗಳ ಪಟ್ಟಿಯನ್ನು ಬ್ರೌಸರ್‌ನಲ್ಲಿ ಉಳಿಸದ ಕಿಟಕಿಯನ್ನು, ಬಳಸಿ. ಆದರೆ ಆ ಕಿಟಕಿಯನ್ನು ಮುಚ್ಚಿದರೂ ಇಳಿಸಿಕೊಂಡ ಕಡತಗಳು ಕಂಪ್ಯೂಟರ್‌ನ ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ ಹಾಗೆಯೇ ಉಳಿಯುತ್ತವೆ. ಅವನ್ನು ನೀವೇ ಅಳಿಸಿ, ರೀಸೈಕಲ್ ಬಿನ್ ಅನ್ನೂ ಖಾಲಿ ಮಾಡಬೇಕು.

ಮೊಬೈಲ್ ಸಂಖ್ಯೆ ಕೊಟ್ಟ ಮಾತ್ರಕ್ಕೆ ಬ್ಯಾಂಕಿನ ಹಣ ಹೋಗುವುದಿಲ್ಲ, ಗಾಬರಿ ಬೇಡ. ಆದರೆ ಪಹಣಿಯ ಹೆಸರಿನಲ್ಲಿ ಯಾರಾದರೂ ಕರೆ ಮಾಡಿ ಓಟಿಪಿ ಕೇಳಿದರೆ ಹೇಳಬೇಡಿ, ಅವರು ಕಳುಹಿಸಿದ ಲಿಂಕನ್ನು ತೆರೆಯಬೇಡಿ. ಹಣ ಹೋಗಿದೆಯೆಂದು ಕಂಡುಬಂದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿಯ 1930 ಸಂಖ್ಯೆಗೆ ಕರೆ ಮಾಡಿ ದೂರು ದಾಖಲಿಸಿ, ನಿಮ್ಮ ಬ್ಯಾಂಕಿಗೂ ತಿಳಿಸಿ.