ಪಾಲಿಕೆಯ ಸನ್ಮಾನಕ್ಕೆ ನಮ್ಮ ಕೆರೆ ಗುಂಪಿನ ಹೆಸರು ಕಳಿಸಬೇಕಾ?

ನೀವು ಕೇಳಿರುವುದು ಇಷ್ಟು. ನಿಮ್ಮ ಬಡಾವಣೆಯ ಕೆರೆಯನ್ನು ಅಕ್ಕಪಕ್ಕದ ಬೀದಿಯವರೆಲ್ಲ ಸೇರಿ ವರ್ಷಗಳಿಂದ ನೋಡಿಕೊಳ್ಳುತ್ತಿದ್ದೀರಿ. ಪಾಲಿಕೆಯ ಸನ್ಮಾನಕ್ಕೆ ಗುಂಪಿನ ಹೆಸರು ಕಳಿಸಿ ಅಂತ ಯಾರೋ ಹೇಳಿದ್ದಾರೆ. ಗುಂಪಿನಲ್ಲಿ ಕೆಲವರು "ಶಾಲು, ಹಾರಕ್ಕೋಸ್ಕರ ನಾವು ಕೆಸರಿಗೆ ಇಳಿದಿದ್ದಾ?" ಅಂತ ಬೇಜಾರು ಮಾಡಿಕೊಂಡಿದ್ದಾರೆ. ಇದರಿಂದ ನಿಜವಾಗಿ ಏನಾದರೂ ಉಪಯೋಗ ಇದೆಯಾ, ಕಳಿಸಬೇಕಾ ಬೇಡವಾ ಅನ್ನೋದು ನಿಮ್ಮ ಪ್ರಶ್ನೆ.

ಕಳಿಸಿ. ಆದರೆ ಬರೀ ಹೆಸರು ಕಳಿಸಬೇಡಿ. ಮಾಡಿದ ಕೆಲಸವನ್ನು ಬಿಡಿಬಿಡಿಯಾಗಿ ಬರೆದು ಕಳಿಸಿ. ಕೆರೆಗೆ ಇನ್ನೂ ಏನು ಬೇಕು ಅನ್ನೋದನ್ನೂ ಅದರ ಜೊತೆಗೇ ಕೇಳಿ.

ನಾನು ನಮ್ಮ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದಲ್ಲಿ ಇದ್ದೇನೆ. ಬೇರೆಯವರ ಹೆಸರು ಸೂಚಿಸುವ ಅರ್ಜಿಗಳನ್ನು ಬರೆದುಕೊಡುವ ಕೆಲಸ ಸಾಮಾನ್ಯವಾಗಿ ನನ್ನ ಪಾಲಿಗೇ ಬರುತ್ತದೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಊರಿಗಾಗಿ ದುಡಿದವರನ್ನು ಊರು ಗೌರವಿಸುವುದು ನಮ್ಮಲ್ಲಿ ತುಂಬಾ ಹಳೆಯ ಪದ್ಧತಿ. ಈಗ ಬೆಂಗಳೂರಿಗೇ ಸೇರಿರುವ ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಸಿಕ್ಕ ಒಂದು ವೀರಗಲ್ಲಿನ ಶಾಸನ ಕ್ರಿ.ಶ. 890ರ ಸುಮಾರಿನದು. ಬೆಂಗಳೂರಿನ ಕಾಳಗದಲ್ಲಿ ಸತ್ತವನ ನೆನಪಿಗೆ ಬರೆಸಿದ್ದು. ಬೆಂಗಳೂರು ಅನ್ನುವ ಹೆಸರು ಕಾಣಿಸುವ ಅತಿ ಹಳೆಯ ಬರಹ ಅದೇ ಅಂತ ತಿಳಿದವರು ಹೇಳುತ್ತಾರೆ. ಅಂದರೆ ನಮ್ಮ ಊರಿನ ಹೆಸರು ಮೊದಲು ಸಿಗುವುದೇ ಒಬ್ಬನನ್ನು ಗೌರವಿಸಿದ ಕಲ್ಲಿನ ಮೇಲೆ. ನನಗೆ ಇದು ತುಂಬಾ ಹೆಮ್ಮೆಯ ವಿಷಯ.

ಕೆರೆಯ ವಿಷಯಕ್ಕೆ ಬಂದರೆ ನಮ್ಮ ಹಿಂದಿನವರು ಇನ್ನೂ ಒಂದು ಹೆಜ್ಜೆ ಮುಂದೆ ಇದ್ದರು. ಕೆರೆ ಕಟ್ಟಿಸಿದವರಿಗೆ, ಒಡೆದ ಏರಿ ಸರಿ ಮಾಡಿದವರಿಗೆ ಭೂಮಿ ಬಿಟ್ಟುಕೊಟ್ಟ ಶಾಸನಗಳು ಹಳೇ ಮೈಸೂರು ಸೀಮೆಯಲ್ಲಿ ಬೇಕಾದಷ್ಟಿವೆ. ಬಿತ್ತುವಟ, ಕಟ್ಟುಕೊಡಗೆ ಅಂತ ಇಂಥ ಭೂದಾನಗಳಿಗೆ ಹೆಸರು. ಯಾರು, ಯಾವ ಕೆರೆ, ಏನು ಮಾಡಿದರು, ಅದಕ್ಕೆ ಎಲ್ಲಿ ಎಷ್ಟು ಭೂಮಿ ಕೊಟ್ಟರು ಅನ್ನೋದನ್ನು ಕಲ್ಲಿನಲ್ಲೇ ಕೊರೆಸಿಡುತ್ತಿದ್ದರು. ಕೆಲಸ ದಾಖಲೆಯಾಗುತ್ತಿತ್ತು, ಆ ಕೆಲಸ ಮುಂದುವರಿಯಲು ಒಂದು ಆಧಾರವೂ ಸಿಗುತ್ತಿತ್ತು. ಯಾವ ಸನ್ಮಾನ ಬಂದರೂ ಈ ಎರಡು ಅದರಲ್ಲಿ ಇವೆಯಾ ಅಂತ ನೋಡುವುದು ನನ್ನ ಅಭ್ಯಾಸ.

ಈಗಿನ ಸನ್ಮಾನಗಳಲ್ಲಿ ಎರಡೂ ಕಮ್ಮಿ. ನಿಮ್ಮ ಗುಂಪಿನವರ ಬೇಜಾರಿಗೂ ಅದೇ ಕಾರಣ ಅಂತ ನನಗೆ ಅನಿಸುತ್ತದೆ. ಬಿಬಿಎಂಪಿ (ಬೆಂಗಳೂರಿನ ಹಿಂದಿನ ಮಹಾನಗರ ಪಾಲಿಕೆ) ಇದ್ದಾಗ ಕೆಂಪೇಗೌಡರ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತಿದ್ದರು. ಹೆಸರೇನೋ ಸರಿಯಾದದ್ದೇ. 1537ರಲ್ಲಿ ಪೇಟೆ ಕಟ್ಟಿದವರು ಕೆರೆಗಳನ್ನೂ ಕಟ್ಟಿಸಿದರು. ಕೆಂಪಾಂಬುಧಿ ಇಂದಿಗೂ ಉಳಿದಿದೆ, ಧರ್ಮಾಂಬುಧಿ ಇದ್ದ ಜಾಗದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ ಬಂದಿದೆ. ಕೆರೆ ಕಾಯುವವರಿಗೆ ಆ ಹೆಸರಿನ ಗೌರವ ಸಿಕ್ಕರೆ ಅದಕ್ಕಿಂತ ಸಂತೋಷ ಇನ್ನೇನಿದೆ? ಆದರೆ ಕೆಲವು ವರ್ಷ ಆ ಪಟ್ಟಿ ನೂರಾರು ಹೆಸರುಗಳಿಗೆ ಬೆಳೆಯಿತು. ಪತ್ರಿಕೆಗಳಲ್ಲಿ ಟೀಕೆ ಬಂತು. ಅಷ್ಟು ಜನರನ್ನು ಒಂದೇ ಸಂಜೆ ವೇದಿಕೆಗೆ ಕರೆದರೆ ಪ್ರತಿಯೊಬ್ಬರು ಏನು ಮಾಡಿದರು ಅಂತ ಹೇಳುವುದಕ್ಕೆ ಸಮಯ ಎಲ್ಲಿಂದ ಬರಬೇಕು? ಕಷ್ಟಪಟ್ಟು ದುಡಿದವರಿಗೆ ಅದರಿಂದ ಆಗುವ ನೋವು ದೊಡ್ಡದು.

ಪಟ್ಟಿಗೆ ಒಂದು ಮಿತಿ ಇರಲೇಬೇಕು. ರಾಜ್ಯೋತ್ಸವ ಪ್ರಶಸ್ತಿಯೂ ಒಂದು ಕಾಲದಲ್ಲಿ ನೂರು ದಾಟುತ್ತಿತ್ತು. ಆಮೇಲೆ ಎಷ್ಟನೇ ರಾಜ್ಯೋತ್ಸವವೋ ಅಷ್ಟೇ ಪ್ರಶಸ್ತಿ ಅಂತ ಮಾಡಿದರು. 2024ರಲ್ಲಿ 69, 2025ರಲ್ಲಿ 70. ಅಷ್ಟರಿಂದಲೇ ಪ್ರಶಸ್ತಿಯ ತೂಕ ಹೆಚ್ಚಿತು. ನಗರದ ಪಾಲಿಕೆಗಳೂ ಇಂಥ ಒಂದು ಲೆಕ್ಕ ಇಟ್ಟುಕೊಳ್ಳಬೇಕು ಅನ್ನೋದು ನನ್ನ ಆಸೆ.

ಇನ್ನೊಂದು ಸಮಸ್ಯೆ ಇದೆ, ಅದು ಇನ್ನೂ ಆಳವಾದದ್ದು. ಬೀದಿಯ ಕೆಲಸ ಬೀದಿಯವರಿಗೆ ಗೊತ್ತಿರುತ್ತದೆ. ಅವರಿಂದ ಕಾರ್ಪೊರೇಟರ್‌ಗೆ, ಅಲ್ಲಿಂದ ಪಾಲಿಕೆಗೆ ಸುದ್ದಿ ಹೋಗಬೇಕು. ಬಿಬಿಎಂಪಿಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ ನಡೆಸಿದರು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಅಂತ ಐದು ಪಾಲಿಕೆಗಳಾದವು. ಅಧಿಕಾರಿಗಳು ವರ್ಗವಾಗುತ್ತಾ ಇರುತ್ತಾರೆ. ಹೋದ ಮಳೆಗಾಲದಲ್ಲಿ ಕೋಡಿ ಕಟ್ಟಿಕೊಂಡಾಗ ರಾತ್ರಿ ಹೊತ್ತಿನಲ್ಲಿ ಯಾರು ಇಳಿದು ಕಸ ತೆಗೆದರು ಅಂತ ಹೊಸದಾಗಿ ಬಂದವರಿಗೆ ಹೇಗೆ ತಿಳಿಯಬೇಕು? ಅದಕ್ಕೇ ನೀವೇ ಬರೆಯಬೇಕು ಅನ್ನುತ್ತಿರುವುದು. ನೀವು ಬರೆಯದಿದ್ದರೆ ಆ ಕೆಲಸ ನಡೆದ ದಾಖಲೆಯೇ ಎಲ್ಲೂ ಇರುವುದಿಲ್ಲ.

ಪಾಲಿಕೆ ಮನಸ್ಸು ಮಾಡಿದರೆ ಎಂಥ ಗೌರವ ಕೊಡಬಹುದು ಅನ್ನೋದಕ್ಕೆ ಬೆಂಗಳೂರಿನಲ್ಲೇ ಒಂದು ಉದಾಹರಣೆ ಇದೆ. ಚಿಂದಿ ಆಯುವವರ ಬದುಕು ಹೇಗಿತ್ತು ಅಂತ ಯೋಚನೆ ಮಾಡಿ. ಬೆಳಗಿನ ಜಾವ ಗೋಣಿಚೀಲ ಹೊತ್ತು ಬೀದಿಗೆ ಬಂದರೆ ನಾಯಿ ಅಟ್ಟಿಸಿಕೊಂಡು ಬರುತ್ತಿತ್ತು, ಜನ ಕಳ್ಳರು ಅನ್ನುತ್ತಿದ್ದರು, ಪೊಲೀಸರು ನಿಲ್ಲಿಸಿ ಕೇಳುತ್ತಿದ್ದರು. ಊರಿನ ಪ್ಲಾಸ್ಟಿಕ್, ರಟ್ಟು, ಗಾಜು, ಕಬ್ಬಿಣವನ್ನೆಲ್ಲ ಬೇರೆ ಮಾಡಿ ಮರುಬಳಕೆಗೆ ಕಳಿಸುತ್ತಿದ್ದವರು ಅವರೇ. 2011ರಲ್ಲಿ ಲೋಕ ಅದಾಲತ್ ಸೂಚನೆಯ ಮೇಲೆ ಬಿಬಿಎಂಪಿ ಅವರಿಗೆ ಗುರುತಿನ ಚೀಟಿ ಕೊಡಲು ಶುರು ಮಾಡಿತು. ಆ ಕೆಲಸದ ಹಿಂದೆ ನಿಂತವರಲ್ಲಿ ಹಸಿರು ದಳ ಸಂಸ್ಥೆಯವರೂ ಇದ್ದರು. ಆಮೇಲೆ ಎಷ್ಟೋ ವಾರ್ಡ್‌ಗಳ ಒಣ ಕಸ ಸಂಗ್ರಹ ಕೇಂದ್ರಗಳನ್ನು ಅವರಲ್ಲೇ ಕೆಲವರು ನಡೆಸುವಂತಾಯಿತು. ಕೊರಳಲ್ಲಿ ಪಾಲಿಕೆಯ ಚೀಟಿ ಇದ್ದರೆ ಯಾರಾದರೂ ತಡೆದಾಗ ತೋರಿಸಬಹುದು. ನಾನು ನೋಡಿದ ಸನ್ಮಾನಗಳಲ್ಲೆಲ್ಲ ಇದೇ ದೊಡ್ಡದು. ಅಲ್ಲಿ ಹಾರ ಇರಲಿಲ್ಲ, ಫೋಟೋದವರು ಇರಲಿಲ್ಲ. ಒಬ್ಬ ಮನುಷ್ಯನ ಕೆಲಸವನ್ನು ಊರು ಒಪ್ಪಿಕೊಂಡಿತು, ಆ ಕೆಲಸ ಮಾಡಲು ಅವನಿಗೆ ಆಧಾರವೂ ಸಿಕ್ಕಿತು.

ಪೌರಕಾರ್ಮಿಕರ ವಿಷಯದಲ್ಲೂ ಹಾಗೇ. ಪ್ರತಿ ಸೆಪ್ಟೆಂಬರ್ 23ರಂದು ಪೌರಕಾರ್ಮಿಕರ ದಿನ ಮಾಡುತ್ತಾರೆ, ಸನ್ಮಾನ ಇರುತ್ತದೆ, ಊಟ ಇರುತ್ತದೆ. ಒಳ್ಳೆಯದೇ. ಆದರೆ ಅವರು ಮುಷ್ಕರ ಕೂತು ಕೇಳಿದ್ದು ಕೆಲಸದ ಕಾಯಮಾತಿ. 2025ರ ಮೇ 1ರಂದು ಬೆಂಗಳೂರಿನ 12 ಸಾವಿರಕ್ಕೂ ಹೆಚ್ಚು ಪೌರಕಾರ್ಮಿಕರಿಗೆ ಕಾಯಂ ನೇಮಕಾತಿ ಪತ್ರ ಕೊಟ್ಟರು. ಆ ಪತ್ರದ ಮುಂದೆ ಯಾವ ಸ್ಮರಣಿಕೆ ನಿಲ್ಲುತ್ತದೆ ಹೇಳಿ.

ಹಾಗಂತ ವೇದಿಕೆಯ ಸನ್ಮಾನ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ನಮ್ಮ ಬಡಾವಣೆಯ ರಾಜ್ಯೋತ್ಸವದಲ್ಲಿ ಒಮ್ಮೆ ನಮ್ಮ ರಸ್ತೆ ಗುಡಿಸುವ ಅಮ್ಮನನ್ನು ವೇದಿಕೆಗೆ ಕರೆದೆವು. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಇತ್ತು. ಆದರೆ ಅದಕ್ಕಿಂತ ಮುಖ್ಯವಾಗಿ ಒಂದು ಪುಟ ಬರೆದುಕೊಂಡು ಹೋಗಿದ್ದೆವು. ಯಾವ ಅಡ್ಡರಸ್ತೆಯಿಂದ ಯಾವ ಅಡ್ಡರಸ್ತೆವರೆಗೆ ಅವರ ಕೆಲಸ, ಹಬ್ಬದ ಮರುದಿನ ಬಾಳೆಕಂದು, ಬೂದುಗುಂಬಳದ ರಾಶಿಯನ್ನು ಎಷ್ಟು ಹೊತ್ತಿಗೆ ಎತ್ತಿ ಮುಗಿಸುತ್ತಾರೆ, ಮೂಲೆಯಲ್ಲಿ ಜನ ಕಸ ಸುರಿಯುತ್ತಿದ್ದುದನ್ನು ಹೇಗೆ ನಿಲ್ಲಿಸಿದರು, ಎಲ್ಲ ಅದರಲ್ಲಿತ್ತು. ಓದುತ್ತಾ ಹೋದ ಹಾಗೆ ಕೂತಿದ್ದವರಲ್ಲಿ ಮಾತು ನಿಂತಿತು. ಆ ಮೂಲೆಯ ಮನೆಯವರು ಎದ್ದು ಚಪ್ಪಾಳೆ ತಟ್ಟಿದರು. ಮರುದಿನದಿಂದ ಎಷ್ಟೋ ಜನ ಅವರನ್ನು ಹೆಸರು ಹಿಡಿದು ಮಾತಾಡಿಸಲು ಶುರು ಮಾಡಿದರು. ಅಲ್ಲಿಯವರೆಗೆ ಅವರ ಹೆಸರೇ ಬೀದಿಗೆ ಗೊತ್ತಿರಲಿಲ್ಲ. ಸುಮ್ನೆ "ಸಮಾಜ ಸೇವಕಿ" ಅಂತ ಒಂದೇ ಮಾತು ಓದಿದ್ದರೆ ಇದು ಆಗುತ್ತಿರಲಿಲ್ಲ.

ನಿಮ್ಮ ಗುಂಪಿನಲ್ಲಿ ಇನ್ನೊಂದು ಅನುಮಾನವೂ ಇರಬಹುದು. ಸನ್ಮಾನ ತಗೊಂಡರೆ ನಾಳೆ ಪಾಲಿಕೆಯನ್ನು ಪ್ರಶ್ನೆ ಮಾಡೋಕೆ ಬಾಯಿ ಬರುತ್ತದಾ ಅಂತ. ಒಳ್ಳೆ ಅನುಮಾನ. 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಉಕ್ಕಿನ ಮೇಲ್ಸೇತುವೆ ಬೇಡ ಅಂತ ಸಾವಿರಾರು ಜನ ರಸ್ತೆ ಬದಿಯಲ್ಲಿ ಕೈ ಕೈ ಹಿಡಿದು ನಿಂತರು. 2017ರಲ್ಲಿ ಯೋಜನೆ ನಿಂತಿತು. ಬೇಡ ಅಂತ ಹೇಳಿದ್ದೂ ಊರಿನ ಸೇವೆಯೇ ಅಲ್ವಾ? ನೀವು ಗೌರವ ತೆಗೆದುಕೊಳ್ಳುವುದು ಮಾಡಿದ ಕೆಲಸಕ್ಕೆ. ರಾಜಕಾಲುವೆಗೆ ಒಳಚರಂಡಿ ನೀರು ಬಿಟ್ಟರೆ ಮರುದಿನವೇ ದೂರು ಬರೆಯಿರಿ. ಬರೆಯುವಾಗ ಆ ಸನ್ಮಾನ ಪತ್ರದ ನಕಲನ್ನೂ ಲಗತ್ತಿಸಿ. ಕೆರೆ ಬಲ್ಲವರು ಅಂತ ಪಾಲಿಕೆಯೇ ಒಪ್ಪಿಕೊಂಡವರ ದೂರನ್ನು ಪಕ್ಕಕ್ಕೆ ಇಡುವುದು ಅಷ್ಟು ಸುಲಭ ಅಲ್ಲ.

ಕೆರೆ ಗುಂಪುಗಳಿಗೆ ನಿಜವಾಗಿ ಬೇಕಾಗುವುದು ಅಧಿಕೃತ ಕಾಗದ. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯನ್ನೇ ನೋಡಿ. ಸುಮಾರು 13 ಎಕರೆಯ ಸಣ್ಣ ಕೆರೆ. ಅಲ್ಲಿನ ನಿವಾಸಿಗಳು ಟ್ರಸ್ಟ್ ಮಾಡಿಕೊಂಡರು, 2011ರಲ್ಲಿ ಬಿಬಿಎಂಪಿ ಅವರ ಜೊತೆ ನಿರ್ವಹಣೆಯ ಒಪ್ಪಂದ ಮಾಡಿಕೊಂಡಿತು. ಒಪ್ಪಂದ ಇದ್ದರೆ ಗೇಟಿನ ಹತ್ತಿರ ಯಾರು ನೀವು ಅಂತ ಯಾರೂ ಕೇಳುವುದಿಲ್ಲ. ಕಾವಲುಗಾರನನ್ನು ಇಡಬಹುದು, ದಾನಿಗಳ ಹತ್ತಿರ ಹೋಗಬಹುದು.

ಅದಕ್ಕೇ ಅರ್ಜಿಯನ್ನು ಹೀಗೆ ಬರೆಯಿರಿ. ಕೆರೆಯ ಹೆಸರು, ಗ್ರಾಮ, ಸರ್ವೆ ನಂಬರಿನಿಂದ ಶುರು ಮಾಡಿ. ನೀವು ಕೈ ಹಾಕುವ ಮುಂಚೆ ಕೆರೆ ಹೇಗಿತ್ತು, ಈಗ ಹೇಗಿದೆ, ಒಂದೇ ಜಾಗದಿಂದ ತೆಗೆದ ಎರಡು ಫೋಟೋ ಹಾಕಿ. ಅಂತರಗಂಗೆ ಎಷ್ಟು ಟ್ರ್ಯಾಕ್ಟರ್ ಲೋಡ್ ತೆಗೆದಿರಿ, ಏರಿಯ ಮೇಲೆ ಯಾವ ಯಾವ ಗಿಡ ನೆಟ್ಟಿರಿ, ಅದರಲ್ಲಿ ಎಷ್ಟು ಉಳಿದಿವೆ ಅಂತ ಲೆಕ್ಕ ಕೊಡಿ. ಒಣಗಿ ಹೋದವುಗಳ ಲೆಕ್ಕವನ್ನೂ ಬರೆಯಿರಿ, ಓದುವವರಿಗೆ ನಂಬಿಕೆ ಬರುವುದೇ ಅಲ್ಲಿ. "ಪರಿಸರ ಪ್ರೇಮಿಗಳು", "ನಿಸ್ವಾರ್ಥ ಸೇವೆ" ಅನ್ನುವ ಮಾತು ಎಲ್ಲ ಅರ್ಜಿಯಲ್ಲೂ ಇರುತ್ತವೆ, ಅವನ್ನು ಬಿಡಿ. ಎರಡು ಪುಟ ಸಾಕು.

ಹೆಸರುಗಳ ವಿಷಯದಲ್ಲಿ ದಯವಿಟ್ಟು ಒಂದು ಮಾತು ಕೇಳಿ. ಗುಂಪಿನ ಅಧ್ಯಕ್ಷರು, ಕಾರ್ಯದರ್ಶಿ ಹೆಸರು ಹೇಗೂ ಬರುತ್ತದೆ. ಕೆರೆಯ ಕಾವಲುಗಾರ, ತೆಪ್ಪದಲ್ಲಿ ಹೋಗಿ ಜೊಂಡು ಕೊಯ್ದವರು, ಕಸದ ಟಿಪ್ಪರ್ ಓಡಿಸುವವರು, ಮೀನು ಹಿಡಿಯುವವರು, ಇವರ ಹೆಸರನ್ನೂ ಮಾಡಿದ ಕೆಲಸದ ಜೊತೆ ಬರೆಯಿರಿ. ವೇದಿಕೆಗೆ ಇಬ್ಬರಿಗೆ ಮಾತ್ರ ಅವಕಾಶ ಅಂದರೆ ಅದರಲ್ಲಿ ಒಬ್ಬರು ಇವರೇ ಆಗಲಿ. ಈ ಮಾತನ್ನು ಮೊದಲೇ ಗುಂಪಿನಲ್ಲಿ ಕೂತು ತೀರ್ಮಾನ ಮಾಡಿಕೊಳ್ಳಿ. ಶಾಲಿಗೋಸ್ಕರ ಒಡೆದ ಒಳ್ಳೆ ಸಂಘಗಳು ನಮ್ಮ ಊರಿನಲ್ಲಿ ಇವೆ, ನಿಮ್ಮದು ಹಾಗಾಗಬಾರದು.

ಕೊನೆಯ ಪ್ಯಾರಾದಲ್ಲಿ ಬೇಡಿಕೆ ಇಡಿ. ಕೈಮುಗಿದು ಬೇಡುವ ಧಾಟಿ ಬೇಡ, ನೇರವಾಗಿ ಕೇಳಿ. ಒಳಹರಿವಿನ ಕಾಲುವೆಗೆ ಜಾಲರಿ ಬೇಕಾ, ಬೇಲಿ ಬೇಕಾ, ಗಡಿ ಸರ್ವೆ ಆಗಬೇಕಾ, ನಿರ್ವಹಣೆಗೆ ಲಿಖಿತ ಒಪ್ಪಿಗೆ ಬೇಕಾ? ಅತಿ ಮುಖ್ಯವಾದದ್ದು ಒಂದೇ ಒಂದು ಆರಿಸಿಕೊಳ್ಳಿ. ಸನ್ಮಾನದ ಬಿನ್ನವತ್ತಳೆಯಲ್ಲಿ ಕೆರೆಯ ಹೆಸರು ಮತ್ತು ನೀವು ಮಾಡಿದ ಕೆಲಸ ಸ್ಪಷ್ಟವಾಗಿ ಇರಲಿ ಅಂತಲೂ ಕೇಳಿಕೊಳ್ಳಿ. ಬೇಕಾದರೆ ಕರಡನ್ನು ನೀವೇ ಬರೆದುಕೊಡಿ, ಬಹಳಷ್ಟು ಕಡೆ ಸಿಬ್ಬಂದಿಗೆ ಅದರಿಂದ ಸಹಾಯವೇ ಆಗುತ್ತದೆ.

ಕಳಿಸುವ ಮುಂಚೆ ನಿಮ್ಮ ವಾರ್ಡ್ ಈಗ ಐದರಲ್ಲಿ ಯಾವ ಪಾಲಿಕೆಗೆ ಸೇರಿದೆ ಅಂತ ಖಚಿತ ಮಾಡಿಕೊಳ್ಳಿ. ವಾರ್ಡ್ ಎಂಜಿನಿಯರ್ ಕಚೇರಿಗೆ ಒಂದು ಪ್ರತಿ, ಆಯುಕ್ತರ ಕಚೇರಿಗೆ ಒಂದು ಪ್ರತಿ ಕೊಟ್ಟು ಎರಡಕ್ಕೂ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಈ ವರ್ಷ ಹೆಸರು ಬರದಿದ್ದರೂ ಆ ಸೀಲು ಬಿದ್ದ ಪ್ರತಿ ನಿಮ್ಮ ಹತ್ತಿರ ಇರುತ್ತದೆ. ಬೇರೆ ಯಾವ ಕಚೇರಿಗೆ ಹೋದರೂ ಅದು ಕೆಲಸಕ್ಕೆ ಬರುತ್ತದೆ. ಅದೇ ಎರಡು ಪುಟವನ್ನು ಸ್ವಲ್ಪ ಬದಲಿಸಿ ಜಿಲ್ಲಾ ರಾಜ್ಯೋತ್ಸವ ಪ್ರಶಸ್ತಿಗೂ ಕಳಿಸಬಹುದು.

ಕರಡು ಬರೆದ ಮೇಲೆ ಇಲ್ಲೇ ಕೆಳಗೆ ಹಾಕಿ. ಫೋನ್ ನಂಬರ್, ವಿಳಾಸ ತೆಗೆದು ಹಾಕಿ. ಓದಿ, ಎಲ್ಲಿ ಏನು ಸೇರಿಸಬೇಕು ಅಂತ ಹೇಳುತ್ತೇನೆ.