ಒಣಗಿದ ಹಳ್ಳದ ಮರಳಿನಲ್ಲಿ ಏನಿದೆ?

ಪ್ರಶ್ನೆ: ಮಧುಗಿರಿ ಕಡೆಯ ಹಳ್ಳಗಳು ಮಳೆಗಾಲ ಬಿಟ್ಟರೆ ಒಣಗಿಯೇ ಇರುತ್ತವೆ. ಭೂವಿಜ್ಞಾನದ ಲೆಕ್ಕದಲ್ಲಿ ಇವುಗಳಿಗೆ ಏನು ಮಹತ್ವ?

ಉತ್ತರ: ಮೊದಲು ಕೆಳಗಿನ ಕಲ್ಲು ನೋಡಿ. ತುಮಕೂರು ಜಿಲ್ಲೆಯ ಬಹುಪಾಲು ನಿಂತಿರುವುದು ಗ್ರಾನೈಟ್ ಮತ್ತು ನೈಸ್ (ಪಟ್ಟೆ ಪಟ್ಟೆಯಾದ ಗಟ್ಟಿ ಕಲ್ಲು) ಮೇಲೆ. ಈ ಕಲ್ಲಿನ ವಯಸ್ಸು ಸುಮಾರು 250 ಕೋಟಿ ವರ್ಷ, ಕೆಲವು ಕಡೆ ಅದಕ್ಕೂ ಹಳೆಯದು. ಗಟ್ಟಿ ಕಲ್ಲಿನಲ್ಲಿ ನೀರು ನಿಲ್ಲಲು ಬಿರುಕು ಬೇಕು. ಬಿರುಕು ಸಿಗದಿದ್ದರೆ ಬೋರ್‌ವೆಲ್‌ನಲ್ಲಿ ಬರೀ ದೂಳು, ಅಲ್ವಾ?

ಹಳ್ಳದ ಮರಳು ಹಾಗಲ್ಲ. ಅದೂ ಇದೇ ಬೆಟ್ಟಗಳ ಕಲ್ಲಿನಿಂದ ಬಂದದ್ದೇ. ಬಿಸಿಲು ಮಳೆಗೆ ಗ್ರಾನೈಟ್ ಸವೆಯುವಾಗ ಅದರೊಳಗಿನ ಫೆಲ್ಡ್‌ಸ್ಪಾರ್ ಎಂಬ ಖನಿಜ ಜೇಡಿಯಾಗುತ್ತದೆ, ಬೆಣಚು ಹರಳು ಮಾತ್ರ ಹಾಗೇ ಉಳಿಯುತ್ತದೆ. ಹರಿಯುವ ನೀರು ಇವನ್ನು ಮೊರದಲ್ಲಿ ಕೇರಿದಂತೆ ಬೇರೆ ಮಾಡುತ್ತದೆ. ದಪ್ಪ ಮರಳು ಹಳ್ಳದಲ್ಲೇ ಕೂರುತ್ತದೆ, ಜೇಡಿ ಕೆರೆಗೆ ಹೋಗಿ ಗೋಡಾಗುತ್ತದೆ. ಮರಳಿನ ಗಾತ್ರದಲ್ಲಿ ಕಾಲು ಭಾಗಕ್ಕೂ ಜಾಸ್ತಿ ಬರೀ ಸಂದು. ಮೇಲೆ ಒಣಗಿದ್ದರೂ ಒಳಗೆ ನೀರು ಇರುತ್ತದೆ, ಬಿಸಿಲಿಗೆ ಬೇಗ ಆರುವುದಿಲ್ಲ.

ಮಧುಗಿರಿ, ಪಾವಗಡ ಕಡೆಯ ತಲಪರಿಗೆಗಳು ನಿಂತಿರುವುದು ಇದರ ಮೇಲೆಯೇ. ಮರಳಿನಲ್ಲಿ ಗುಂಡಿ ತೋಡಿ, ಒಸರುವ ನೀರನ್ನು ಕಾಲುವೆಯಲ್ಲಿ ಗದ್ದೆಗೆ ಹರಿಸುವ ಹಳೆಯ ಪದ್ಧತಿ ಅದು. ಪಂಪ್ ಬೇಡ, ಕರೆಂಟ್ ಬೇಡ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ನದಿಯ ಪಾತ್ರವೂ ಇಂಥದ್ದೇ ಮರಳಿನ ಪಾತ್ರ.

ಇನ್ನೊಂದು ವಿಷಯ. ಹಳ್ಳದ ದಂಡೆ ಕುಸಿದ ಕಡೆ ಪದರಗಳು ಕಾಣುತ್ತವೆ. ದಪ್ಪ ಮರಳು, ಗುಂಡುಕಲ್ಲು ಇದ್ದರೆ ಆ ಪದರ ತಂದದ್ದು ಜೋರು ಪ್ರವಾಹ. ನಯವಾದ ಮಣ್ಣಿದ್ದರೆ ನಿಧಾನದ ನೀರು.

ಮರಳು ತೆಗೆದು ಸಾಗಿಸಿದರೆ? ಮಳೆನೀರು ನಿಲ್ಲದೆ ಸುಮ್ನೆ ಹರಿದು ಹೋಗುತ್ತದೆ, ಪಕ್ಕದ ಬಾವಿಯೂ ಇಳಿಯುತ್ತದೆ.